ಪಂಪಾವತಿಯ ಕಾಲುಚೀಲ

ನಮ್ಮ ಶಾಲೆಯ ಗ್ಯಾದರಿಂಗ್ ಎಂದರೆ ನನಗೆ ಈಗ ವಾಕರಿಕೆ ಬರುತ್ತದೆ. ಮೊದಲೂ ಏನು ಬಹಳ ಪ್ರೀತಿ ಇರಲಿಲ್ಲ ಬಿಡಿ. ವರ್ಷಕ್ಕೊಮ್ಮೆ ಶಾಮಿಯಾನ ಹಾಕಿ, ಕಿವಿ ಹರಿಯುವಂತೆ ಸ್ಪೀಕರ್ ಕಟ್ಟಿ, ಮೂರನೆಯ ಇಯತ್ತೆಯ ಹುಡುಗಿಯರ ತುಟಿಗೆ ಕೆಂಪು ಬಳಿದು ಸಿನಿಮಾ ಹಾಡಿಗೆ ಸೊಂಟ ಕುಣಿಸುವುದು. ಕೆಳಗೆ ಕೂತ ಅಪ್ಪಂದಿರು ಮೊಬೈಲ್ ಎತ್ತಿ ಹಿಡಿದು ಹಲ್ಲು ಕಿರಿಯುವುದು. ನಡುನಡುವೆ ಸನ್ಮಾನ. ಶಾಲು, ಹಾರ, ಮತ್ತೆ ಶಾಲು. ಸಿಂಧನೂರಿನ ಈ ಖಾಸಗಿ ಶಾಲೆಯಲ್ಲಿ ನಾನು ಗಣಿತ ಕಲಿಸುತ್ತೇನೆ. ಗ್ಯಾದರಿಂಗ್ ದಿನ ಮಾತ್ರ ಮಕ್ಕಳನ್ನು ಸಾಲಾಗಿ ಕೂಡಿಸುವುದು, ಎದ್ದವರನ್ನು ಮತ್ತೆ ಕೂಡಿಸುವುದು ನನ್ನ ಕೆಲಸ. ಹೋದ ವರ್ಷದ ಗ್ಯಾದರಿಂಗ್ ಕಂಡ ಮೇಲೆ ಬೇಸರ ಹೋಗಿ ಹೇಸಿಗೆಯೇ ಹುಟ್ಟಿಬಿಟ್ಟಿದೆ. ಅದನ್ನು ಹೇಳಬೇಕೆಂದರೆ ಮೊದಲು ಪಂಪಾವತಿಯ ವಿಷಯ ಹೇಳಬೇಕು.

ಪಂಪಾವತಿ ನಮ್ಮ ಶಾಲೆಯ ಪಿ.ಟಿ. ಟೀಚರ್. ಮಸ್ಕಿಯವಳು. ಅಪ್ಪ ಅಂಬಪ್ಪ ಕಾಲುವೆ ಇಲಾಖೆಯಲ್ಲಿ ಗುಮಾಸ್ತರಾಗಿದ್ದು ನಿವೃತ್ತರಾದವರು. ಮನೆಯ ಪಡಸಾಲೆಯಲ್ಲಿ ಬುದ್ಧನ ದೊಡ್ಡದೊಂದು ಫೋಟೊ, ಅದರ ಕೆಳಗೆ ಮಗಳು ಓಟದಲ್ಲಿ ಗೆದ್ದ ಕಪ್ಪುಗಳು. ವಯಸ್ಸು ಮೂವತ್ತೈದರ ಆಸುಪಾಸು, ಎತ್ತರದ ಆಳು, ನೆಟ್ಟಗಿನ ಬೆನ್ನು. ದಿನಾ ಬೆಳಿಗ್ಗೆ ಮಸ್ಕಿಯಿಂದ ಬಸ್ಸಿಗೆ ಬಂದು ಇಳಿಯುತ್ತಿದ್ದಳು. ನಡೆಯುವಾಗ ಪಾದಗಳು ತುಸು ಹೊರಗೆ ತಿರುಗಿರುತ್ತಿದ್ದವು. ಅದಕ್ಕೆ ಸ್ಟಾಫ್ ರೂಮಿನಲ್ಲಿ ಬಾತುಕೋಳಿ ಎಂದು ಹೆಸರಿಟ್ಟಿದ್ದರು. ಇನ್ನೊಂದು ತಮಾಷೆ ಅವಳ ಕಾಲುಚೀಲದ್ದು. ನಮ್ಮ ಕಡೆಯ ಬೇಸಿಗೆ ಎಂಥದ್ದೆಂದು ಇಲ್ಲಿ ಬಾಳಿದವರಿಗೇ ಗೊತ್ತು. ಆ ಬಿಸಿಲಿನಲ್ಲೂ ಅವಳು ಕಾಲುಚೀಲ ಬಿಚ್ಚುತ್ತಿರಲಿಲ್ಲ. ನೆಲಕ್ಕೆ ಕೂತು ಊಟ ಮಾಡುವಾಗಲೂ, ನಮ್ಮ ಮನೆಗೆ ಅರಿಸಿನ ಕುಂಕುಮಕ್ಕೆ ಬಂದಾಗಲೂ ಅವು ಕಾಲಿನ ಮೇಲೆಯೇ ಇರುತ್ತಿದ್ದವು. ಕಾಲಿಗೂ ಕಾಲುಚೀಲಕ್ಕೂ ಮದುವೆ ಮಾಡಿಸಿದ್ದೀಯೇನು ಎಂದು ನಾನೇ ರೇಗಿಸಿದ್ದೇನೆ. ಅವಳು ನಕ್ಕುಬಿಡುತ್ತಿದ್ದಳು.

ಅವಳಿಗೆ ಬ್ಯಾಲೆ, ಅಂದರೆ ತುದಿಬೆರಳ ಮೇಲೆ ನಿಂತು ಮಾಡುವ ಆ ಪರದೇಶದ ಕುಣಿತ, ಬರುತ್ತಿತ್ತು. ಹೈದರಾಬಾದಿನಲ್ಲಿ ಪಿ.ಟಿ. ಕೋರ್ಸು ಓದುವಾಗ ಅಲ್ಲಿಯ ಒಂದು ಡ್ಯಾನ್ಸ್ ಕ್ಲಾಸಿಗೆ ಸೇರಿದ್ದಳಂತೆ. ಮೊದಲ ಕ್ಲಾಸು ಬಿಟ್ಟು ಆಮೇಲೆ ಒಬ್ಬ ವಯಸ್ಸಾದ ಹೆಂಗಸಿನ ಹತ್ತಿರ ಮತ್ತೆ ಮೊದಲಿನಿಂದ ಕಲಿತಳಂತೆ. ಮೊದಲನೆಯದನ್ನು ಯಾಕೆ ಬಿಟ್ಟಳೆಂದು ಕೇಳಿದರೆ ಮಾತು ಬದಲಿಸುತ್ತಿದ್ದಳು.

ಶಾಲೆಯ ಚೇರ್ಮನ್ನರು ಬಸವಲಿಂಗಪ್ಪ ಸಾಹುಕಾರರು. ಊರ ಹೊರಗೆ ಅವರ ರೈಸ್ ಮಿಲ್ಲಿದೆ. ಮಗಳು ರಾಜಶ್ರೀ ನಮ್ಮ ಶಾಲೆಯಲ್ಲೇ ಓದುತ್ತಾಳೆ. ಹತ್ತು ವರ್ಷದವಳಿದ್ದಾಗ ಮೊಬೈಲಿನಲ್ಲಿ ಯಾವುದೋ ದೇಶದ ಹುಡುಗಿ ತುದಿಬೆರಳ ಮೇಲೆ ನಿಂತು ಬುಗುರಿ ತಿರುಗಿದಂತೆ ತಿರುಗುವುದನ್ನು ಕಂಡು ತನಗೂ ಅದು ಬೇಕೆಂದು ಹಟ ಹಿಡಿದಳು. ಸಾಹುಕಾರರು ಪಂಪಾವತಿಯನ್ನು ಕರೆಸಿ, ಮಿಲ್ಲಿನ ಖಾಲಿ ಗೋದಾಮು ತೆರೆಸಿಕೊಟ್ಟರು. ಮೊದಲಿಗೆ ಆರೇಳು ಹುಡುಗಿಯರು ಬಂದರು. ಗೋದಾಮಿನಲ್ಲಿ ಹೆಂಗಸು ಒಬ್ಬಳೇ ಇರುವುದು ಬೇಡವೆಂದು ಪಂಪಾವತಿ ನನ್ನನ್ನೂ ಜೊತೆಗೆ ಕರೆದಳು. ಹೀಗಾಗಿ ಶಾಲೆಗೆ ಮುಂಚಿನ ಆ ಒಂದು ತಾಸು ಹೊಟ್ಟಿನ ಧೂಳು ಕುಡಿಯುತ್ತ ನಾನೂ ಅಲ್ಲಿ ಕೂತಿರುತ್ತಿದ್ದೆ.

ನಾನು ಕುಣಿತ ನೋಡಲು ಹೋದವಳು. ನೋಡಿದ್ದು ಬರೀ ಪಾದ. ಹುಡುಗಿಯರನ್ನು ನೆಲಕ್ಕೆ ಕೂಡಿಸಿ, ಬೆರಳು ಮುದುಡದೆ ಪಾದದ ನಡುವನ್ನಷ್ಟೇ ಮೇಲಕ್ಕೆ ಎತ್ತಿ ಎನ್ನುತ್ತಿದ್ದಳು. ಹೇಳಿದಷ್ಟು ಸುಲಭವಲ್ಲ, ನಾನೂ ಮಾಡಲು ಹೋಗಿ ಮೀನಖಂಡ ಹಿಡಿದುಕೊಂಡು ಕೂತಿದ್ದೆ. ಆಮೇಲೆ ಕಿಟಕಿಯ ಸರಳು ಹಿಡಿದು ಹಿಮ್ಮಡಿ ಎತ್ತುವುದು, ಇಳಿಸುವುದು. ಕಣಕಾಲು ಒಳಗೆ ಕುಸಿಯಬಾರದು, ಹೊರಗೂ ವಾಲಬಾರದು. ಪಾದ ಹೊರಗೆ ತಿರುಗಬೇಕಾದದ್ದು ತೊಡೆಯ ಬುಡದಿಂದ. ಮೊಣಕಾಲನ್ನು ತಿರುಚಿದರೆ ಅವಳಿಗೆ ಎಲ್ಲಿಲ್ಲದ ಸಿಟ್ಟು. ಶಾಲೆಯ ಅಂಗಳದ ಬಾದಾಮಿ ಮರದ ಒಣಗಿದ ಎಲೆಗಳನ್ನು ಚೀಲದಲ್ಲಿ ತಂದು ಹಿಮ್ಮಡಿಗಳ ಕೆಳಗೆ ಇಡುತ್ತಿದ್ದಳು. ಮೇಲೆದ್ದವರು ಇಳಿಯುವಾಗ ಎಲೆ ಒಮ್ಮೆಲೇ ಚರಕ್ಕೆಂದರೆ ಮತ್ತೆ ಮಾಡಬೇಕು. ಮೆಲ್ಲಗೆ, ಸದ್ದು ಕೇಳಿಸದ ಹಾಗೆ ಎಲೆ ಮುರಿಯಬೇಕು. ಆ ಎಲೆಗಳ ಕಾಟಕ್ಕೇ ಉಳಿದ ಹುಡುಗಿಯರು ಒಬ್ಬೊಬ್ಬರಾಗಿ ಬಿಟ್ಟುಹೋದರು. ಉಳಿದವಳು ರಾಜಶ್ರೀ ಒಬ್ಬಳೇ.

ಸಾಹುಕಾರರು ಒಮ್ಮೆ ಬಂದು ಬಾಗಿಲಲ್ಲಿ ನಿಂತು ನೋಡಿದರು.

"ಏನ್ರಿ ಟೀಚರ್, ವರ್ಷಾತು, ಇನ್ನಾ ಸರಳ ಹಿಡ್ಕೊಂಡು ಏಳೂದು ಕುಂಡ್ರೂದನ್ನ ಮಾಡ್ಸಾಕತ್ತೀರಿ. ಇದನ್ನ ನಮ್ಮ ಹಮಾಲರೂ ಮಾಡ್ತಾರ."

"ಏರೂದು ಯಾರಿಗಾದ್ರೂ ಬರ್ತದ್ರಿ ಸಾವ್ಕಾರ್ರ. ನಾ ಇಳಿಯೂದು ಕಲಿಸಾಕತ್ತೀನಿ. ಇಳಿಯಾಕ ಬರದಾಕಿನ್ನ ಏರಿಸಿದ್ರ ಕಣಕಾಲು ಮುರೀತದ."

"ನೋಡ್ರಿ ಮತ್ತ. ಮಂದಿ ಕೇಳಾಕತ್ತಾರ, ನಿಮ್ಮ ಮಗಳು ಯಾವಾಗ ತುದಿಬೆರಳ ಮ್ಯಾಲ ನಿಂದರ್ತಾಳಂತ."

ಮಂದಿ ಕೇಳುತ್ತಾರೆ. ಇವರಿಗೆ ಮಗಳ ಕಾಲಿಗಿಂತ ಮಂದಿಯ ಬಾಯಿ ಮುಖ್ಯ. ಮೀಸೆ ತಿರುವಿಕೊಂಡು ಹೊರಟುಹೋದ ಆ ಮನುಷ್ಯನನ್ನು ಕಂಡು ನನಗೆ ಅವತ್ತೇ ಮೈ ಉರಿದಿತ್ತು. ಪಂಪಾವತಿ ಮಾತ್ರ ಮತ್ತೊಂದು ಎಲೆ ತೆಗೆದು ಹುಡುಗಿಯ ಹಿಮ್ಮಡಿಯ ಕೆಳಗೆ ಇಟ್ಟಳು.

ಹೀಗೆ ಮೂರು ವರ್ಷ ಕಳೆಯಿತು. ರಾಜಶ್ರೀ ಒಂದೇ ಕಾಲ ಮೇಲೆ ಎದ್ದು, ಅಲುಗದೆ ನಿಂತು, ಎಲೆಯ ಸದ್ದಿಲ್ಲದೆ ಇಳಿಯುವುದನ್ನು ಕಲಿತ ಮೇಲೆ ಪಂಪಾವತಿ ಹುಡುಗಿಯನ್ನೂ ಅವಳ ತಾಯಿ ಸಂಗಮ್ಮನನ್ನೂ ಹೈದರಾಬಾದಿಗೆ ಕರೆದೊಯ್ದು, ಬೆರಳು ಬೆರಳು ಅಳೆಸಿ ಆ ಶೂ ಕೊಡಿಸಿಕೊಂಡು ಬಂದಳು. ಗುಲಾಬಿ ಬಣ್ಣದ ಬಟ್ಟೆಯ ಶೂ. ತುದಿ ಮರದಷ್ಟು ಗಟ್ಟಿ, ಅಡಿಗೆ ತೆಳುವಾದ ಚರ್ಮದ ಪಟ್ಟಿ. ಮೈಯ ಭಾರವನ್ನೆಲ್ಲ ಆ ಗಟ್ಟಿ ತುದಿ ಹೊರಬೇಕು, ಬೆರಳಲ್ಲ. ರಿಬ್ಬನ್ನುಗಳನ್ನು ಪಂಪಾವತಿ ತಾನೇ ಕೂತು ಹೊಲಿದಳು. ಜಾರದಿರಲೆಂದು ತುದಿಗೆ ಹಚ್ಚಲು ಕಿರಾಣಿ ಅಂಗಡಿಯ ರಾಳ ಕುಟ್ಟಿ ಪುಡಿ ಮಾಡಿದಳು.

ಆವತ್ತು ಸಂಗಮ್ಮ ಗೋದಾಮಿಗೆ ಬಂದಿದ್ದರು. ಇಡೀ ಮನೆಯಲ್ಲಿ ಮಗಳ ಕಾಲಿನ ಬಗ್ಗೆ ಕೇಳಿದವರು ಅವರೊಬ್ಬರೇ.

"ಹೆಣ್ಣು ಹುಡುಗಿ ಐತ್ರಿ ಟೀಚರ್. ಕಾಲಿಗೆ ಏನೂ ಆಗಬಾರ್ದು ನೋಡ್ರಿ."

"ಆಗೂದಿಲ್ರಿ ಅಕ್ಕಾರ. ಅದು ನನ್ನ ಮ್ಯಾಲ ಇರ್ಲಿ."

ಹಿಂತಿರುಗುವಾಗ ಪಂಪಾವತಿ ನನಗೆ ಹೇಳಿದ್ದು ಇನ್ನೂ ನೆನಪಿದೆ. "ಮೇಡಂ, ಈ ಕಡೆ ಒಬ್ಬಾಕಿ ಆದ್ರೂ ಸರಿಯಾಗಿ ಏರಿ ಸರಿಯಾಗಿ ಇಳೀಬೇಕ್ರಿ. ನಾ ಕಲ್ತಂಗ ಯಾರೂ ಕಲೀಬಾರ್ದು." ಅವಳಿಗೆ ಮದುವೆಯ ಯೋಚನೆ ಇರಲಿಲ್ಲ, ದೊಡ್ಡ ಶಾಲೆಯ ಆಸೆಯೂ ಇರಲಿಲ್ಲ. ಇದೊಂದು ಹುಡುಗಿಯ ಮೇಲೆ ಅವಳ ಜೀವವೆಲ್ಲ ನಿಂತಿತ್ತು.

ಗ್ಯಾದರಿಂಗ್ ಬಂತು. ಸಾಹುಕಾರರು ಮಗನಿಗೆ ಹೆಣ್ಣು ತಂದ ಲಿಂಗಸುಗೂರಿನ ಬೀಗರನ್ನೂ ಮುಕ್ಕುಂದದ ತಮ್ಮಂದಿರನ್ನೂ ಕರೆಸಿದ್ದರು. ಆಮಂತ್ರಣದಲ್ಲಿ ಮಗಳ ಹೆಸರು ದಪ್ಪ ಅಕ್ಷರದಲ್ಲಿತ್ತು. ಪಂಪಾವತಿ ಹಿಂದಿನ ದಿನವೇ ವೇದಿಕೆಯ ಹಲಗೆಗಳನ್ನು ಮೊಣಕಾಲೂರಿ ಸವರಿ ನೋಡಿ, ಎದ್ದ ಮೊಳೆಗಳನ್ನು ಹೊಡೆಸಿ, ಮೇಲೆ ಪ್ಲೈವುಡ್ ಹಾಸಿಸಿದ್ದಳು. ಶೂ ಹಾಕಿಕೊಂಡೇ ಕುಣಿಯಬೇಕೆಂದು ಶಾಲೆಯ ಸೆಕ್ರೆಟರಿ ಗಂಗಾಧರನಿಗೂ ಹೇಳಿದ್ದಳು. ಅವನು ಫೋನಿನಿಂದ ಕಣ್ಣೆತ್ತದೆ ಆಯ್ತು ಆಯ್ತು ಎಂದಿದ್ದ.

ಸಂಜೆ ವೇದಿಕೆಗೆ ಪೂಜೆಯಾಯಿತು. ನಮ್ಮಲ್ಲಿ ಒಮ್ಮೆ ಸರಸ್ವತಿಯ ಫೋಟೊ ಇಟ್ಟು ಕಾಯಿ ಒಡೆದರೆಂದರೆ ಬರೀ ಹಲಗೆಯೂ ಗುಡಿಯಾಗುತ್ತದೆ. ಎಂಥ ದೊಡ್ಡ ಮನುಷ್ಯನೂ ಮೆಟ್ಟಿಲ ಕೆಳಗೆ ಚಪ್ಪಲಿ ಬಿಟ್ಟೇ ಹತ್ತಬೇಕು. ಆ ಮೆಟ್ಟಿಲ ಬುಡದಲ್ಲಿ ಬಿದ್ದಿದ್ದ ಜೋಡುಗಳ ರಾಶಿಯನ್ನು ನೋಡಬೇಕಿತ್ತು. ಮಠದ ಸ್ವಾಮಿಗಳು, ನಮ್ಮ ಕಡೆಯ ಬಾಯಲ್ಲಿ ಅಜ್ಜನವರು, ಮುಖ್ಯ ಅತಿಥಿ. ವೇದಿಕೆಯ ಒಂದು ಬದಿಗೆ ಅವರನ್ನು ದೊಡ್ಡ ಕುರ್ಚಿಯಲ್ಲಿ ಕೂಡಿಸಿದ್ದರು. ಪಾಪ, ಸನ್ಮಾನಗಳ ಹೊತ್ತಿಗೆ ಅವರಿಗೆ ತೂಕಡಿಕೆ ಹತ್ತಿತ್ತು.

ರಾಜಶ್ರೀಯ ಹೆಸರು ಮೈಕಿನಲ್ಲಿ ಬಂತು. ಬಿಳಿ ಫ್ರಾಕು, ಗುಲಾಬಿ ಶೂ ತೊಟ್ಟು ಹುಡುಗಿ ವೇದಿಕೆಯ ಹಿಂದಿನ ಮೆಟ್ಟಿಲ ಹತ್ತಿರ ಬಂದಳು. ಗಂಗಾಧರ ಕೈ ಅಡ್ಡ ಹಿಡಿದ.

"ಏ, ಜೋಡು ಹಾಕ್ಕೊಂಡು ಎಲ್ಲಿಗಿ? ಪೂಜಾ ಆದ ಸ್ಟೇಜ್ ಐತಿ. ಅಜ್ಜಾರು ಕುಂತಾರ."

"ನಿಮಗ ಮೊದ್ಲ ಹೇಳಿದ್ನೆಲ್ರಿ ಸರ್," ಎಂದಳು ಪಂಪಾವತಿ. "ಅದು ಹಾಕ್ಕೊಂಡ ಕುಣಿಯೂದು. ಬೀದ್ಯಾಗ ಹಾಕಿದ್ದಲ್ರಿ ಅದು. ಗೆಜ್ಜಿ ಇದ್ದಂಗ."

"ಗೆಜ್ಜಿ ಬ್ಯಾರೆ. ಇದರಾಗ ಚರ್ಮ ಐತಲ್ಲ."

"ಗೆಜ್ಜಿ ಪಟ್ಟೀನೂ ಚರ್ಮದ್ದ ರೀ. ಈಗ ಬಾರಿಸಿದ್ರಲ್ಲ, ಆ ತಬಲಾ ಯಾತರದು?"

"ಅದು ಬ್ಯಾರೆ, ಇದು ಬ್ಯಾರೆ." ಗಂಗಾಧರ ಪಕ್ಕದಲ್ಲಿ ನಿಂತವರ ಕಡೆ ತಿರುಗಿ ಕಿಸಕ್ಕೆಂದ. "ಅವ್ರಿಗೆ ಜೋಡಿನ ಮ್ಯಾಲ ಪ್ರೀತಿ ಜಾಸ್ತಿ ಬಿಡ್ರಿ."

ಅವರು ಎಂದರೆ ಯಾರು ಎಂಬುದು ಅಲ್ಲಿ ನಿಂತವರಿಗೆಲ್ಲ ಗೊತ್ತು. ಚರ್ಮದ ಕೆಲಸ ಮಾಡುತ್ತಿದ್ದ ಅವಳ ಅಜ್ಜ ಮುತ್ತಜ್ಜರನ್ನು, ಅವಳು ಹುಟ್ಟಿದ ಕೇರಿಯನ್ನು ಎತ್ತಿ ಆಡಿದ ಮಾತು ಅದು. ಎರಡು ಡಿಗ್ರಿ ತೆಗೆದುಕೊಂಡ ಮನುಷ್ಯ, ಬುದ್ಧಿವಂತ ಮಕ್ಕಳ ಶಾಲೆ ನಡೆಸುವವನು, ಹಣೆಗೆ ವಿಭೂತಿ ಬೇರೆ. ಸುತ್ತ ನಿಂತವರು ನಕ್ಕರು.

ಸಾಹುಕಾರರು ಬಂದರು. ವಿಷಯ ಕೇಳಿ ಅವರಿಗೆ ಹೊಳೆದ ಉಪಾಯ ನೋಡಿ.

"ಅಷ್ಟ ಅಲ್ಲೇನು. ಜೋಡು ಬಿಚ್ಚಿ ಬರಿಗಾಲಾಗ ಮಾಡ್ಲಿ. ತುದಿಬೆರಳ ಮ್ಯಾಲ ಒಂದ್ಸಲ ನಿಂತು ಎರಡು ಸುತ್ತು ತಿರುಗಿದ್ರ ಆತು. ಬೀಗರು ಕಾಯಾಕತ್ತಾರ."

"ಬರಿಗಾಲಾಗ ಆಗೂದಿಲ್ರಿ. ಹುಡುಗಿ ಬೆರಳು ಇನ್ನಾ ಎಳೇವದಾವ. ಇಡೀ ಮೈ ಭಾರ ಉಗುರಿನ ಮ್ಯಾಲ ಬೀಳ್ತದ."

"ವಿಡಿಯೋದಾಗ ಮಾಡ್ತಾರ. ನಾ ನೋಡೀನಿ."

"ಇಕಿ ಮಾಡೂದಿಲ್ರಿ."

"ನನ್ನ ಮಗಳರೀ ಅಕಿ. ನಿಮ್ಮ ಮಗಳಲ್ಲ."

ಇಷ್ಟರಲ್ಲಿ ರಾಜಶ್ರೀ ಬಗ್ಗಿ ರಿಬ್ಬನ್ ಬಿಚ್ಚತೊಡಗಿದ್ದಳು. ಹದಿಮೂರು ವರ್ಷದ ಹುಡುಗಿ. ಹೊರಗೆ ಗೆಳತಿಯರು ಅವಳ ಹೆಸರು ಕೂಗುತ್ತಿದ್ದರು. "ಮಿಸ್, ನಾ ಮಾಡ್ತೀನ್ರಿ. ಒಂದ ಸಲ ಏರಿ ಇಳೀತೀನಿ. ಏನೂ ಆಗೂದಿಲ್ಲ," ಎಂದಳು. ಒಂದು ಶೂ ಆಗಲೇ ಕೈಯಲ್ಲಿತ್ತು. ಸಂಗಮ್ಮ ಗಂಡನ ಮುಖ ನೋಡಿದರು, ಟೀಚರ ಮುಖ ನೋಡಿದರು, ಸೆರಗು ಹೊದ್ದುಕೊಂಡು ನಿಂತರು. ಮೈಕಿನಲ್ಲಿ ಹೆಸರು ಎರಡನೆಯ ಸಲ ಬಂತು.

ಪಂಪಾವತಿ ಮೆಟ್ಟಿಲ ಮೇಲೆ ದಾರಿಗೆ ಅಡ್ಡವಾಗಿ ಕೂತುಬಿಟ್ಟಳು. ತನ್ನ ಶೂ ಬಿಚ್ಚಿದಳು. ಆಮೇಲೆ ಕಾಲುಚೀಲ.

ನಾನು ಅವಳ ಜೊತೆ ಇಷ್ಟು ವರ್ಷ ಉಂಡಿದ್ದೇನೆ, ಉಟ್ಟಿದ್ದೇನೆ. ಆ ಪಾದ ನೋಡಿರಲಿಲ್ಲ. ಹೆಬ್ಬೆರಳು ಬುಡದಲ್ಲಿ ಗಡ್ಡೆ ಕಟ್ಟಿ ಉಳಿದ ಬೆರಳುಗಳ ಕಡೆಗೆ ವಾಲಿತ್ತು. ಎರಡನೆಯದು ಅದರ ಮೇಲೆ ಹತ್ತಿ ಕೊಕ್ಕೆಯಾಗಿತ್ತು. ಎರಡು ಬೆರಳಿಗೆ ಉಗುರೇ ಇಲ್ಲ; ಇದ್ದ ಉಗುರುಗಳು ಕರಿದಾಗಿ ದಪ್ಪಗೆ ಬೆಳೆದಿದ್ದವು. ಚರ್ಮ ಅಲ್ಲಲ್ಲಿ ಸುಲಿದು ಗಟ್ಟಿಯಾಗಿ ಹಳದಿಗಟ್ಟಿತ್ತು. ದಿನವಿಡೀ ಕಾಲುಚೀಲದಲ್ಲಿ ಬೆವೆತ ಆ ಪಾದದ ವಾಸನೆ ಮೂಗಿಗೆ ಬಡಿಯಿತು. ನನಗೂ ಹೊಟ್ಟೆ ತೊಳಸಿತು, ಇಲ್ಲವೆಂದರೆ ಸುಳ್ಳಾದೀತು.

"ನೋಡಬೇ ರಾಜಶ್ರೀ," ಎಂದಳು ಪಂಪಾವತಿ. ದನಿ ಏರಿಸಲಿಲ್ಲ. "ನಂಗೂ ಹೈದರಾಬಾದಿನ ಮೊದಲ್ನೇ ಕ್ಲಾಸಿನ ಮಾಸ್ತರ ಹಿಂಗ ಹೇಳಿದ್ದ. ಹೋಟೆಲಿನ್ಯಾಗ ಹೊಸಾ ವರ್ಷದ ಡ್ಯಾನ್ಸ್ ಇತ್ತು. ಕಲಿಯಾಕ ಸೇರಿ ಎರಡ ತಿಂಗಳಾಗಿತ್ತು. ಇನ್ನೊಬ್ಬಾಕಿ ಹಳೇ ಶೂ ಕೊಟ್ಟು, ಒಂದ ಸಲ ಏರಿ ಇಳಿದ್ರ ಏನಾಗ್ತದಂದ. ಬೆರಳು ಮುರದಿತ್ತು. ಮುರದದ್ರ ಮ್ಯಾಲ ವಾರಗಟ್ಟಲೆ ಕುಣಿಸಿದ. ನೋಡು. ಚೆಂದಾಗಿ ನೋಡು."

ಗಂಗಾಧರ ಕರ್ಚೀಫು ಮೂಗಿಗೆ ಹಿಡಿದು ಆಚೆ ತಿರುಗಿದ. ನಕ್ಕಿದ್ದವರೆಲ್ಲ ಹಿಂದೆ ಸರಿದರು. ಸಾಹುಕಾರರು, "ಥೂ, ಮುಚ್ಚಿಕೋರಿ ಅದನ್ನ, ಹುಡುಗೂರು ಅದಾವ," ಎಂದರು. ಮಗಳನ್ನು ಬರಿಯುಗುರಿನ ಮೇಲೆ ಏರಿಸಲು ಹೇಸದ ಮನುಷ್ಯನಿಗೆ, ಏರಿದ್ದರಿಂದ ಆದದ್ದನ್ನು ನೋಡಲು ಹೇಸಿಗೆ. ಆ ಕಾಲು ಕಂಡು ನನಗೆ ಹುಟ್ಟಿದ ವಾಕರಿಕೆ ಒಂದು ಗಳಿಗೆಯದು. ಈ ಜನರನ್ನು ಕಂಡು ಹುಟ್ಟಿದ್ದು ಇನ್ನೂ ಹೋಗಿಲ್ಲ.

ಮೇಲೆ ಅಜ್ಜನವರಿಗೆ ಎಚ್ಚರವಾಯಿತು. ಯಾಕೆ ತಡವೆಂದು ಕೇಳಿ ಕಳಿಸಿದರು. ಯಾರೋ ಹೋಗಿ ಶೂವಿನ ಸಂಗತಿ ಹೇಳಿದರು. ಅಜ್ಜನವರು ಮೈಕಿನ ಹತ್ತಿರವೇ ಕೂತಿದ್ದರಿಂದ ಅವರ ಮಾತು ಎಲ್ಲರಿಗೂ ಕೇಳಿಸಿತು. "ಹಾಕ್ಕೊಂಡು ಬರ್ಲಿ ಬಿಡ್ರಪ್ಪಾ. ಹುಡುಗಿ ಕುಣಿಯಾಕ ಹಾಕ್ಕೊಂಡದ್ದು. ನನ್ನ ಯಾರು ಕೇಳಿದ್ರಿ?"

ಯಾರೂ ಕೇಳಿರಲಿಲ್ಲ. ಅವರ ಹೆಸರಿನಲ್ಲಿ ಇವರೇ ಮಡಿ ಕಟ್ಟಿಕೊಂಡು ಕುಣಿದಿದ್ದರು. ಗಂಗಾಧರ ತಕ್ಷಣ ಬಣ್ಣ ಬದಲಿಸಿ, ಹಾಕಿಕೋ ತಾಯಿ, ಬೇಗ ಹಾಕಿಕೋ ಎಂದು ಶೂ ಎತ್ತಿ ಕೊಡಲು ಹೋದ. ಸಾಹುಕಾರರೂ ಬೀಗರಿದ್ದ ಕಡೆ ನೋಡುತ್ತ ಅವಸರ ಮಾಡಿದರು.

ಆದರೆ ಹುಡುಗಿ ಶೂ ಮುಟ್ಟಲಿಲ್ಲ. ಅವಳ ಕಣ್ಣು ಇನ್ನೂ ಟೀಚರ ಪಾದದ ಮೇಲೆಯೇ ಇತ್ತು. ಆಮೇಲೆ ತಾಯಿಯ ಸೆರಗಿನಲ್ಲಿ ಮುಖ ಹುದುಗಿಸಿ, "ನಂಗ ಬ್ಯಾಡ, ನಂಗ ಬ್ಯಾಡ" ಎಂದು ಅಳತೊಡಗಿದಳು. ಪಂಪಾವತಿ ಒಂದು ಕಾಲು ಮುಚ್ಚಿಕೊಂಡು, ಇನ್ನೊಂದು ಬರಿಗಾಲಲ್ಲೇ ಎದ್ದು ಹುಡುಗಿಯ ಹತ್ತಿರ ಬಂದಳು.

"ಇಲ್ಲಬೇ, ನೀ ಸರಿಯಾಗಿ ಕಲ್ತೀದಿ. ನಿನ್ನ ಕಾಲು ಹಿಂಗಾಗೂದಿಲ್ಲ. ಹಾಕ್ಕೋ, ನಾ ಇಲ್ಲೇ ನಿಂದರ್ತೀನಿ."

ರಾಜಶ್ರೀ ತಲೆ ಎತ್ತಲಿಲ್ಲ. ಮೈಕಿನವನು ಮುಂದಿನ ಹೆಸರು ಕೂಗಿದ. ಮೂರನೆಯ ಇಯತ್ತೆಯ ಹುಡುಗಿಯರು ತುಟಿಗೆ ಕೆಂಪು ಬಳಿದುಕೊಂಡು ಪ್ಲೈವುಡ್ ಮೇಲೆ ಧಪಧಪ ಹತ್ತಿ ಹೋದರು. ಚಪ್ಪಾಳೆಯೋ ಚಪ್ಪಾಳೆ.

ಮರುವಾರ ಗೋದಾಮಿಗೆ ಭತ್ತದ ಚೀಲಗಳು ಬಂದು ಬಿದ್ದವು. ಸಂಗಮ್ಮ ಶೂಗಳನ್ನು ಡ್ರೈವರನ ಕೈಯಲ್ಲಿ ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಕಳಿಸಿದರು. ಪಂಪಾವತಿಯನ್ನು ಕೆಲಸದಿಂದ ತೆಗೆಯಲಿಲ್ಲ. ಡ್ರಿಲ್ಲು, ಖೋ-ಖೋ ಇಷ್ಟನ್ನೇ ನೋಡಿಕೊಳ್ಳಿ ಎಂದರು. ಸ್ಟಾಫ್ ರೂಮಿನಲ್ಲಿ ಊಟಕ್ಕೆ ಕೂತಾಗ ಅವಳ ಪಕ್ಕದ ಜಾಗ ಖಾಲಿ ಬಿಡತೊಡಗಿದರು. ಕಾಲುಚೀಲದ ತಮಾಷೆ ನಿಂತಿತು. ಅದರ ಬದಲು ಅವಳು ಬಂದರೆ ಡಬ್ಬಿ ತುಸು ಆಚೆ ಸರಿಸುತ್ತಾರೆ. ನಾನು ಜಗಳ ಆಡಿದೆ, ಬೈದೆ, ಬಾಯಿ ಸೋತಿತು. ಪಂಪಾವತಿ ಮಾತ್ರ ತನ್ನ ಡಬ್ಬಿ ತೆರೆದು ಉಂಡು ಏಳುತ್ತಿದ್ದಳು. ಅವಳ ಆ ತಾಳ್ಮೆಯ ಮೇಲೂ ನನಗೆ ಸಿಟ್ಟು ಬರುತ್ತಿತ್ತು.

ಈ ಸಲ ಖೋ-ಖೋ ಪಂದ್ಯಗಳು ಲಿಂಗಸುಗೂರಿನಲ್ಲಿ ನಡೆದವು. ಪಂಪಾವತಿಯ ಜೊತೆಗೆ ನಾನೂ ಹುಡುಗಿಯರನ್ನು ಕರೆದುಕೊಂಡು ಹೋಗಿದ್ದೆ. ನಮ್ಮ ತಂಡದಲ್ಲಿ ರಾಜಶ್ರೀ ಇದ್ದಳು. ಓಡುವಾಗ ಅವಳ ಕಾಲು ನೋಡಬೇಕು. ಕಂಬದ ಹತ್ತಿರ ಒಂದೇ ಕಾಲ ಮೇಲೆ ತಿರುಗಿ, ಅಲುಗದೆ ನಿಂತು, ಮತ್ತೆ ಹಾರುತ್ತಿದ್ದಳು. ಉಳಿದ ಹುಡುಗಿಯರು ಜಾರಿ ಬೀಳುವ ಮಣ್ಣಿನಲ್ಲಿ ಅವಳು ಬೀಳಲಿಲ್ಲ. ಎಲ್ಲಿ ಕಲಿತದ್ದೆಂದು ಯಾರೂ ಕೇಳಲಿಲ್ಲ. ಅವಳೂ ಹೇಳಲಿಲ್ಲ. ಶಾಲೆಯಲ್ಲಿ ಪಂಪಾವತಿ ಎದುರಿಗೆ ಬಂದರೆ ಆ ಹುಡುಗಿ ಗೋಡೆಯ ಕಡೆ ನೋಡುತ್ತ ನಮಸ್ತೆ ಎನ್ನುತ್ತಾಳೆ.

ಪಂದ್ಯ ಮುಗಿದ ಮೇಲೆ ಹುಡುಗಿಯರು ನಲ್ಲಿಯ ಹತ್ತಿರ ಕಾಲು ತೊಳೆಯುತ್ತಿದ್ದರು. ರಾಜಶ್ರೀ ಕಟ್ಟೆಯ ಮೇಲೆ ಕೂತು ಕಣಕಾಲು ಒತ್ತಿಕೊಳ್ಳುತ್ತಿದ್ದಳು. ಪಂಪಾವತಿ ಹೋಗಿ ಅವಳ ಮುಂದೆ ಕುಕ್ಕರಗಾಲಲ್ಲಿ ಕೂತು ಪಾದ ಹಿಡಿಯಲು ಕೈ ಚಾಚಿದಳು. ಹುಡುಗಿ ಬೆಚ್ಚಿ ಎರಡೂ ಕಾಲು ಹಿಂದಕ್ಕೆ ಎಳೆದುಕೊಂಡು ಟವೆಲಿನಲ್ಲಿ ಮುಚ್ಚಿಕೊಂಡಳು.

"ನಾ ನೋಡ್ಕೋತೀನ್ರಿ ಮಿಸ್. ನೀವು ಮುಟ್ಟಬ್ಯಾಡ್ರಿ."

ಪಂಪಾವತಿ ಕೈ ಹಿಂದೆ ತೆಗೆದುಕೊಂಡಳು. ನೀರಿನ ಬಾಟಲಿ ಅಲ್ಲಿಟ್ಟು ಎದ್ದು ಬಂದಳು.

ವಾಪಸ್ಸು ಬಸ್ಸಿನಲ್ಲಿ ನಾವಿಬ್ಬರೂ ಒಂದೇ ಸೀಟಿನಲ್ಲಿದ್ದೆವು. ನನಗೆ ತಡೆಯಲಾಗಲಿಲ್ಲ. "ಅಕಿನ್ನ ಹಿಡಿದು ಎರಡು ಬಡೀಬೇಕಿತ್ತು. ಯಾರಿಂದ ಆ ಕಾಲು ಉಳದಾವ ಅನ್ನೂದಾದ್ರೂ ಗೊತ್ತೇನು ಅಕಿಗೆ?" ಎಂದೆ. ಪಂಪಾವತಿ ಕಿಟಕಿಯಿಂದ ಮುಖ ತಿರುಗಿಸಿದಳು.

"ಅಕಿ ಕಾಲು ಎಳ್ಕೊಳ್ಳಾಗ ನೀವು ನೋಡಿದ್ರೇನ್ರಿ ಮೇಡಂ? ಹತ್ತೂ ಬೆರಳು ನೆಟ್ಟಗದಾವ."

ಮಸ್ಕಿ ಬಂತು. ಅವಳು ಚೀಲ ಹೆಗಲಿಗೆ ಹಾಕಿಕೊಂಡು ಇಳಿದು ಹೋದಳು.